ಇಂಗಾಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು?

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆದಿದ್ದೆ. ಆ ಒಂದು ವಾಕ್ಯದ ಬಗ್ಗೆಯೇ ಹಲವು ಪತ್ರಗಳು ಬಂದಿವೆ. ಕೆಲವರು ವಿವರ ಕೇಳಿದ್ದಾರೆ, ಕೆಲವರು ಅಂಕಿಯನ್ನೇ ಸಂದೇಹಿಸಿದ್ದಾರೆ. ಸಂದೇಹಗಳು ನ್ಯಾಯವಾದುವೇ ಆಗಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಡುತ್ತಿದ್ದೇನೆ.

ಪ್ರಶ್ನೆ: ಎರಡರಷ್ಟು ಎಂದರೆ ಯಾವುದರ ಎರಡರಷ್ಟು? ಈ 3 ಡಿಗ್ರಿಯನ್ನು ಮೊದಲು ಲೆಕ್ಕ ಹಾಕಿದವರು ಯಾರು? ನನ್ನ ಒಂಬತ್ತನೇ ತರಗತಿಯ ಮಕ್ಕಳು ಕೇಳಿದಾಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ.
– ಒಬ್ಬ ಪ್ರೌಢಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಕಾರ್ಖಾನೆಗಳ ಕಾಲ ಆರಂಭವಾಗುವ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡಿನ ಅಣುಗಳು ಸುಮಾರು 280 ಇದ್ದವು. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಅವು ಸುಮಾರು 315ಕ್ಕೆ ಏರಿದ್ದವು. ಈಗ 420ನ್ನು ದಾಟಿವೆ. ಇಮ್ಮಡಿ ಎಂದಾಗ ಸಾಮಾನ್ಯವಾಗಿ 280ರ ಎರಡರಷ್ಟು, ಅಂದರೆ 560 ಎಂದು ಅರ್ಥ. ಆದರೆ ಈ ಅನಿಲದ ಒಂದು ಗುಣವನ್ನು ಮಕ್ಕಳಿಗೆ ಹೇಳಲೇಬೇಕು. ಅದರ ಪ್ರಮಾಣ ಹೆಚ್ಚಿದಂತೆ ಪ್ರತಿ ಹೊಸ ಅಣುವಿನ ಪ್ರಭಾವ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ ಹೋಗುತ್ತದೆ. ಹೀಗಾಗಿ 280ರಿಂದ 560ಕ್ಕೆ ಹೋದರೂ, 560ರಿಂದ 1,120ಕ್ಕೆ ಹೋದರೂ ಆಗುವ ಬಿಸಿ ಹೆಚ್ಚುಕಡಿಮೆ ಒಂದೇ. ವಿಜ್ಞಾನಿಗಳು ಇಷ್ಟು ಅಣುಗಳಿಗೆ ಇಷ್ಟು ಡಿಗ್ರಿ ಎಂದು ಹೇಳದೆ ಪ್ರತಿ ಇಮ್ಮಡಿಗೆ ಇಷ್ಟು ಡಿಗ್ರಿ ಎಂದು ಹೇಳುವುದು ಈ ಕಾರಣಕ್ಕಾಗಿ. ಇಮ್ಮಡಿಯಾದ ಬಳಿಕ ಸಮುದ್ರವೂ ಸೇರಿದಂತೆ ಇಡೀ ಭೂಮಂಡಲ ಹೊಸ ಸಮತೋಲಕ್ಕೆ ಬಂದು ನಿಂತಾಗ ಆಗಿರುವ ಒಟ್ಟು ಏರಿಕೆಯನ್ನು ವಾಯುಗುಣದ ಸಂವೇದನೆ ಎನ್ನುತ್ತಾರೆ.

ಮೊದಲು ಲೆಕ್ಕ ಹಾಕಿದವರು ಸ್ವೀಡನ್ನಿನ ಸ್ವಾಂಟೆ ಅರ್ರೇನಿಯಸ್. ಹಿಮಯುಗಗಳು ಏಕೆ ಬಂದುವು ಎಂಬುದು ಅವರ ಮೂಲ ಕುತೂಹಲವಾಗಿತ್ತು. ಚಂದ್ರನಿಂದ ಬರುವ ಶಾಖಕಿರಣಗಳನ್ನು ಅಮೆರಿಕದ ಸ್ಯಾಮ್ಯುಯಲ್ ಲ್ಯಾಂಗ್ಲಿ ಅಳೆದಿದ್ದ ದಾಖಲೆಗಳನ್ನು ಮುಂದಿಟ್ಟುಕೊಂಡು, ಅಕ್ಷಾಂಶದಿಂದ ಅಕ್ಷಾಂಶಕ್ಕೆ, ಋತುವಿನಿಂದ ಋತುವಿಗೆ ತಿಂಗಳುಗಟ್ಟಲೆ ಕೈಯಲ್ಲೇ ಲೆಕ್ಕ ಮಾಡಿ, ಇಮ್ಮಡಿಗೆ 5ರಿಂದ 6 ಡಿಗ್ರಿ ಎಂದು 1896ರಲ್ಲಿ ಪ್ರಕಟಿಸಿದರು. ಮುಂದೆ 4 ಡಿಗ್ರಿ ಎಂದು ತಾವೇ ತಗ್ಗಿಸಿದರು. ಇಂಗ್ಲೆಂಡಿನಲ್ಲಿ ಹಬೆಯಂತ್ರಗಳ ಎಂಜಿನಿಯರ್ ಆಗಿದ್ದ ಗೈ ಕ್ಯಾಲೆಂಡರ್ 1938ರಲ್ಲಿ 2 ಡಿಗ್ರಿ ಎಂದರು. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಗಾಳಿಯ ಪದರಗಳು ಮೇಲೆಕೆಳಗೆ ಬೆರೆಯುವುದನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದಾಗ ಸುಮಾರು 2.3 ಬಂತು. ಇದೂ ಸೇರಿದಂತೆ ವಾಯುಗುಣದ ಮಾದರಿಗಳನ್ನು ಕಟ್ಟಿದ ಕೆಲಸಕ್ಕಾಗಿ 2021ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಮನಾಬೆಯವರಿಗೆ ಪಾಲು ದೊರೆಯಿತು.

ನಿಮ್ಮ ತರಗತಿಯಲ್ಲಿ ಹೇಳಬಹುದಾದ ಸರಳ ಲೆಕ್ಕವೊಂದಿದೆ. ಅನಿಲ ಇಮ್ಮಡಿಯಾದರೆ ಭೂಮಿಯಿಂದ ಹೊರಹೋಗಬೇಕಾದ ಶಾಖದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 3.9 ವ್ಯಾಟಿನಷ್ಟು ಒಳಗೇ ಉಳಿಯುತ್ತದೆ. ಭೂಮಿ ಒಂದು ಡಿಗ್ರಿ ಬಿಸಿಯಾದರೆ, ಬೇರೇನೂ ಬದಲಾಗದಿದ್ದಲ್ಲಿ, ಅದು ಹೊರಚೆಲ್ಲುವ ಶಾಖ ಸುಮಾರು 3.2 ವ್ಯಾಟ್ ಹೆಚ್ಚುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.2 ಡಿಗ್ರಿ. ಇಷ್ಟರ ಬಗ್ಗೆ ತಕರಾರು ಎತ್ತುವ ಭೌತವಿಜ್ಞಾನಿಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಿಸಿಯಾದ ಭೂಮಿಯಲ್ಲಿ ಬೇರೆಲ್ಲವೂ ಬದಲಾಗುತ್ತವೆ: ನೀರಾವಿ ಹೆಚ್ಚುತ್ತದೆ, ಬಿಸಿಲನ್ನು ಹಿಂದಕ್ಕಟ್ಟುತ್ತಿದ್ದ ಹಿಮ ಕರಗುತ್ತದೆ, ಮೋಡಗಳ ಹರಹು ಮತ್ತು ಎತ್ತರ ಬದಲಾಗುತ್ತವೆ. ಈ ಮರುಪರಿಣಾಮಗಳು 1.2ನ್ನು 3ರ ಆಸುಪಾಸಿಗೆ ಒಯ್ಯುತ್ತವೆ. ವಿವಾದವೇನಿದ್ದರೂ 1.2ರಿಂದ ಮೇಲಿನ ಆ ಪಯಣದಲ್ಲಿದೆ.

ಪ್ರಶ್ನೆ: ನೀರಾವಿಯೇ ಅತಿ ದೊಡ್ಡ ಹಸಿರುಮನೆ ಅನಿಲ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಕಾರ್ಬನ್ ಡೈಆಕ್ಸೈಡನ್ನು ಮಾತ್ರ ಹೊಣೆ ಮಾಡುವುದು ಸರಿಯೇ?
– ಒಬ್ಬ ಓದುಗರು, ಹೊಸಪೇಟೆ

ಉತ್ತರ: ನೀವು ಓದಿದ್ದು ನಿಜ. ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ನೀರಾವಿಯ ಪಾಲೇ ದೊಡ್ಡದು. ಆದರೆ ಗಾಳಿಯಲ್ಲಿ ಎಷ್ಟು ನೀರಾವಿ ನಿಲ್ಲಬೇಕೆಂಬುದನ್ನು ಗಾಳಿಯ ಉಷ್ಣಾಂಶವೇ ತೀರ್ಮಾನಿಸುತ್ತದೆ. ಹೆಚ್ಚಾದ ಆವಿ ಕೆಲವು ದಿನಗಳೊಳಗೆ ಮಳೆಯಾಗಿ ಇಳಿದುಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗೆ ಇಳಿಯುವುದಿಲ್ಲ. ನಾವು ಹೊರಬಿಟ್ಟದ್ದರಲ್ಲಿ ಒಂದಷ್ಟು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಅದು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಿದರೆ ಆ ಗಾಳಿ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದಾಗುತ್ತದೆ, ಆ ಆವಿ ಮತ್ತಷ್ಟು ಬಿಸಿ ತರುತ್ತದೆ. ಹೀಗೆ ನೀರಾವಿ ಬಿಸಿಯನ್ನು ಹಿಗ್ಗಿಸುತ್ತದೆ, ತಾನಾಗಿ ಆರಂಭಿಸುವುದಿಲ್ಲ.

ಇದನ್ನು ಪ್ರಕೃತಿಯೇ ಒಮ್ಮೆ ಪರೀಕ್ಷೆ ಮಾಡಿ ತೋರಿಸಿತು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದು ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ವಾಯುಮಂಡಲದ ಮೇಲುಸ್ತರಕ್ಕೆ ಎಸೆಯಿತು. ಅದರಿಂದ ಹುಟ್ಟಿದ ಗಂಧಕಾಮ್ಲದ ನವುರಾದ ಮಂಜು ಬಿಸಿಲನ್ನು ತಡೆದು, ಮರುವರ್ಷದ ಹೊತ್ತಿಗೆ ಭೂಮಿಯ ಸರಾಸರಿ ಉಷ್ಣಾಂಶವನ್ನು ಸುಮಾರು ಅರ್ಧ ಡಿಗ್ರಿ ಇಳಿಸಿತು. ಗಾಳಿ ತಣ್ಣಗಾದಂತೆ ಅದರಲ್ಲಿನ ನೀರಾವಿಯೂ ಕಡಿಮೆಯಾದದ್ದು ಉಪಗ್ರಹಗಳಿಗೆ ಕಾಣಿಸಿತು. ಮುಂದೆ ಬ್ರಯನ್ ಸೋಡನ್ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿಯೊಂದರಲ್ಲಿ ನೀರಾವಿಯ ಮರುಪರಿಣಾಮವನ್ನು ಬೇಕೆಂದೇ ತೆಗೆದುಹಾಕಿ ಅದೇ ಸ್ಫೋಟವನ್ನು ನಡೆಸಿ ನೋಡಿದರು. ಆಗ ಲೆಕ್ಕದಲ್ಲಿ ಬಂದ ತಂಪು, ನಿಜವಾಗಿ ಆದ ತಂಪಿಗಿಂತ ಬಹಳ ಕಡಿಮೆಯಾಗಿತ್ತು. 2002ರಲ್ಲಿ ಪ್ರಕಟವಾದ ಈ ಪರೀಕ್ಷೆ ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಮನಮುಟ್ಟುವ ಸಾಕ್ಷ್ಯಗಳಲ್ಲಿ ಒಂದು.

ಪ್ರಶ್ನೆ: 1979ರಲ್ಲಿ ವಿಜ್ಞಾನಿಗಳು ಒಂದೂವರೆಯಿಂದ ನಾಲ್ಕೂವರೆ ಡಿಗ್ರಿ ಎಂದರು. 2013ರಲ್ಲೂ ಅದನ್ನೇ ಹೇಳಿದರು. ಮೂವತ್ತನಾಲ್ಕು ವರ್ಷ, ಅಷ್ಟೊಂದು ಉಪಗ್ರಹ, ಅಷ್ಟೊಂದು ಕಂಪ್ಯೂಟರ್! ಇಷ್ಟಾದರೂ ಅಂಕಿ ಕದಲಲಿಲ್ಲವೆಂದರೆ ಇದನ್ನು ವಿಜ್ಞಾನ ಎನ್ನಬಹುದೇ?
– ಒಬ್ಬ ನಿವೃತ್ತ ಎಂಜಿನಿಯರ್, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆಯ ಖಾರ ನನಗೆ ಹಿಡಿಸಿತು, ಏಕೆಂದರೆ ಈ ಕ್ಷೇತ್ರದವರೇ ತಮ್ಮೊಳಗೆ ಬಹುಕಾಲ ಕೇಳಿಕೊಂಡ ಪ್ರಶ್ನೆ ಇದು.

1979ರ ಅಂಕಿ ಹೇಗೆ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. ಆ ಜುಲೈಯಲ್ಲಿ ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ ಜೂಲ್ ಚಾರ್ನಿಯವರ ನೇತೃತ್ವದ ಸಣ್ಣ ತಂಡವೊಂದು ಸೇರಿತ್ತು. ಅವರ ಮುಂದೆ ಇದ್ದ ದೊಡ್ಡ ಮಾದರಿಗಳು ಎರಡೇ: ಮನಾಬೆಯವರದು ಸುಮಾರು 2 ಡಿಗ್ರಿ ಎನ್ನುತ್ತಿತ್ತು, ಜೇಮ್ಸ್ ಹ್ಯಾನ್ಸನ್ ಅವರದು ಸುಮಾರು 4 ಎನ್ನುತ್ತಿತ್ತು. ತಂಡ ಎರಡೂ ಬದಿಗೆ ಅರ್ಧರ್ಧ ಡಿಗ್ರಿ ಸೇರಿಸಿ 1.5ರಿಂದ 4.5 ಎಂದು ಬರೆಯಿತು, ನಡುವಿನ 3ನ್ನು ಹೆಚ್ಚು ಸಂಭವನೀಯ ಎಂದಿತು. ಅದು ತಜ್ಞರ ವಿವೇಕದ ಅಂದಾಜಾಗಿತ್ತೇ ಹೊರತು ಅಳತೆಯಾಗಿರಲಿಲ್ಲ, ಅವರು ಹಾಗೆಂದು ಹೇಳಿಕೊಳ್ಳಲೂ ಇಲ್ಲ. ಮುಂದೆ ವಿಶ್ವಸಂಸ್ಥೆಯ ವಾಯುಗುಣ ಸಮಿತಿ 1990ರಲ್ಲಿ ಅದೇ ವ್ಯಾಪ್ತಿಯನ್ನು ಉಳಿಸಿಕೊಂಡಿತು, 2007ರಲ್ಲಿ ಕೆಳಗಿನ ಗಡಿಯನ್ನು 2ಕ್ಕೆ ಏರಿಸಿತು, 2013ರಲ್ಲಿ ಮತ್ತೆ 1.5ಕ್ಕೆ ಇಳಿಸಿ ನಡುವಿನ ಅಂಕಿಯನ್ನು ಹೇಳಲೇ ನಿರಾಕರಿಸಿತು. ಹೊರಗಿನಿಂದ ನೋಡಿದವರಿಗೆ ಅದು ತಡವರಿಕೆಯಂತೆ ಕಂಡದ್ದು ಸಹಜ.

ಆದರೆ ಆ ಅವಧಿಯಲ್ಲಿ ಅಂಕಿಯ ಅಡಿಪಾಯ ಬದಲಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕು ಮೋಡಗಳದು. ಮೋಡ ಬಿಸಿಲನ್ನು ಹಿಂದಕ್ಕಟ್ಟಿ ತಂಪು ಮಾಡುತ್ತದೆ, ನೆಲದ ಶಾಖವನ್ನು ತಡೆದು ಬಿಸಿಯನ್ನೂ ಮಾಡುತ್ತದೆ. ಮೋಡ ಕವಿದ ಹಗಲು ತಂಪಾಗಿಯೂ ಮೋಡ ಕವಿದ ರಾತ್ರಿ ಸೆಕೆಯಾಗಿಯೂ ಇರುವುದು ನಮಗೆಲ್ಲ ಗೊತ್ತು. ಒಟ್ಟಾರೆ ಯಾವುದು ಹೆಚ್ಚು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಮೆರಿಕಕ್ಕೆ ಹೋದ ವೀರಭದ್ರನ್ ರಾಮನಾಥನ್ ಮತ್ತು ಸಂಗಡಿಗರು 1989ರಲ್ಲಿ ಉಪಗ್ರಹದ ಅಳತೆಗಳಿಂದ ತೋರಿಸಿದಂತೆ, ಈಗಿರುವ ಮೋಡಗಳು ಒಟ್ಟಿನಲ್ಲಿ ಭೂಮಿಯನ್ನು ತಂಪಾಗಿಡುತ್ತಿವೆ. ಆದರೆ ನಮಗೆ ಬೇಕಾದ ಉತ್ತರ ಇನ್ನೂ ಸೂಕ್ಷ್ಮವಾದದ್ದು: ಭೂಮಿ ಬಿಸಿಯಾದಾಗ ಆ ಮೋಡಗಳು ಹೆಚ್ಚುತ್ತವೆಯೇ, ಕಡಿಮೆಯಾಗುತ್ತವೆಯೇ? ಪೆರು, ಕ್ಯಾಲಿಫೋರ್ನಿಯಾ, ನಮೀಬಿಯಾಗಳ ಕರಾವಳಿಯಾಚೆ ಸಮುದ್ರದ ಮೇಲೆ ಕಂಬಳಿಯಂತೆ ಹಾಸಿಕೊಂಡಿರುವ ತಗ್ಗಿನ ಮೋಡಗಳು ಇಲ್ಲಿ ನಿರ್ಣಾಯಕ. ಕಡಲು ಬಿಸಿಯಾದಂತೆ ಮೇಲಿನ ಒಣಗಾಳಿ ಹೆಚ್ಚು ಬೆರೆತು ಆ ಕಂಬಳಿ ತೆಳುವಾಗುತ್ತದೆ, ಬಿಸಿಲು ನೀರಿನವರೆಗೆ ಇಳಿಯುತ್ತದೆ. ಮಾದರಿಗಳ ಕಣ್ಣಿಗೆ ಈ ಮೋಡಗಳು ತೀರ ಚಿಕ್ಕವು. ಭೂಮಿಯನ್ನು ನೂರು ಕಿಲೋಮೀಟರ್ ಅಗಲದ ಚೌಕಗಳಾಗಿ ಹೋಳು ಮಾಡಿ ಲೆಕ್ಕ ಹಾಕುವ ಯಂತ್ರಕ್ಕೆ ಕೆಲವು ನೂರು ಮೀಟರಿನ ಮೋಡ ಕಾಣಿಸುವುದಿಲ್ಲ, ಅದನ್ನು ಊಹೆಯ ಸೂತ್ರದಿಂದ ತುಂಬಬೇಕಾಗುತ್ತದೆ. ಮಾದರಿಯಿಂದ ಮಾದರಿಗೆ ಉತ್ತರ ಬೇರೆಯಾದದ್ದಕ್ಕೆ ಮುಖ್ಯ ಕಾರಣ ಇದೇ. ಎರಡು ದಶಕಗಳ ಉಪಗ್ರಹ ವೀಕ್ಷಣೆ ಮತ್ತು ಸಣ್ಣ ಪ್ರದೇಶವೊಂದನ್ನೇ ಅತಿ ಸೂಕ್ಷ್ಮವಾಗಿ ಲೆಕ್ಕ ಹಾಕುವ ಮಾದರಿಗಳು ಸೇರಿ, ಮೋಡಗಳು ಒಟ್ಟಿನಲ್ಲಿ ಬಿಸಿಯನ್ನು ಹೆಚ್ಚಿಸುತ್ತವೆ ಎಂಬ ತೀರ್ಮಾನವನ್ನು ಈಗ ಗಟ್ಟಿ ಮಾಡಿವೆ. ಇದು ಒಳ್ಳೆಯ ಸುದ್ದಿಯಲ್ಲ, ಆದರೆ ಗಟ್ಟಿ ಸುದ್ದಿ.

ಇನ್ನೊಂದು ಸಾಕ್ಷಿ ಭೂಮಿಯ ಹಳೆಯ ಕಾಲ. ಸುಮಾರು 21,000 ವರ್ಷಗಳ ಹಿಂದೆ, ಕಳೆದ ಹಿಮಯುಗದ ತುತ್ತತುದಿಯಲ್ಲಿ, ಗಾಳಿಯಲ್ಲಿ ಹತ್ತು ಲಕ್ಷಕ್ಕೆ 190ರಷ್ಟು ಮಾತ್ರ ಕಾರ್ಬನ್ ಡೈಆಕ್ಸೈಡ್ ಇತ್ತು ಎಂಬುದು ಅಂಟಾರ್ಕ್ಟಿಕದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳಿಂದ ಗೊತ್ತು. ಆಗಿನ ಭೂಮಿ 5ರಿಂದ 7 ಡಿಗ್ರಿ ತಂಪಾಗಿತ್ತು. ಸಂವೇದನೆ ಕೇವಲ 1.5 ಡಿಗ್ರಿ ಎಂದಾಗಿದ್ದರೆ ಅಷ್ಟು ಚಳಿಗೆ ವಿವರಣೆಯೇ ಸಿಗುವುದಿಲ್ಲ. ಅದು 6 ಡಿಗ್ರಿ ಆಗಿದ್ದರೆ ಆ ಯುಗ ಇನ್ನೂ ಬಹಳ ಕೊರೆಯಬೇಕಿತ್ತು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಈ ಅನಿಲ ಇಂದಿನ ಮಟ್ಟದ ಸಮೀಪವಿದ್ದಾಗ ಭೂಮಿ ಎಷ್ಟು ಬೆಚ್ಚಗಿತ್ತು ಎಂಬ ಅಂದಾಜೂ ಇದೇ ದಿಕ್ಕನ್ನು ತೋರುತ್ತದೆ.

ಸ್ಟೀವನ್ ಶರ್‌ವುಡ್ ನೇತೃತ್ವದಲ್ಲಿ 25 ವಿಜ್ಞಾನಿಗಳು 2020ರಲ್ಲಿ ಮಾಡಿದ್ದು ಇವನ್ನೆಲ್ಲ ಒಂದೆಡೆ ತಂದು ತೂಗುವ ಕೆಲಸ. ಮೋಡ ಮತ್ತು ನೀರಾವಿಯ ಭೌತಿಕ ಅರಿವು, ಕಳೆದ ಒಂದೂವರೆ ಶತಮಾನದ ಉಷ್ಣಮಾಪಕಗಳ ದಾಖಲೆ, ಹಳೆಯ ಯುಗಗಳ ಕುರುಹು ಈ ಮೂರೂ ಒಂದರ ತಪ್ಪು ಇನ್ನೊಂದಕ್ಕೆ ಅಂಟದಷ್ಟು ಪ್ರತ್ಯೇಕವಾದುವು. ಮೂವರು ಅಪರಿಚಿತ ಸಾಕ್ಷಿಗಳು ಒಂದೇ ಮಾತು ಹೇಳಿದಾಗ ನ್ಯಾಯಾಲಯ ಹೇಗೆ ನಂಬುತ್ತದೆಯೋ ಹಾಗೆ, ಒಂದೊಂದೇ ಸಾಕ್ಷ್ಯ ಹೇಳಲಾರದ್ದನ್ನು ಮೂರೂ ಕೂಡಿ ಹೇಳಿದುವು: 2.6ರಿಂದ 3.9 ಡಿಗ್ರಿ. ಮರುವರ್ಷ ವಾಯುಗುಣ ಸಮಿತಿಯ ಆರನೇ ವರದಿ 2.5ರಿಂದ 4 ಎಂದೂ, ಅತ್ಯುತ್ತಮ ಅಂದಾಜು 3 ಎಂದೂ ಬರೆಯಿತು. ಮೂರು ಡಿಗ್ರಿಯಷ್ಟು ಅಗಲವಿದ್ದ ವ್ಯಾಪ್ತಿ ಒಂದೂವರೆಗೆ, ಸರಿಯಾಗಿ ಅರ್ಧಕ್ಕೆ ಇಳಿಯಿತು. ಚಾರ್ನಿ ತಂಡ ಊಹಿಸಿದ್ದ 3ನ್ನೇ ನಲವತ್ತೆರಡು ವರ್ಷಗಳ ಬಳಿಕ ಅಳತೆಗಳು ಎತ್ತಿಹಿಡಿದುವು ಎಂದರೆ, ಅಂಕಿ ಕದಲಲಿಲ್ಲ ಎಂಬ ನಿಮ್ಮ ದೂರು ಬೇರೆಯದೇ ಅರ್ಥ ಪಡೆಯುತ್ತದೆ.

ಹೊಸ ಮಾದರಿಗಳಲ್ಲಿ ಕೆಲವು 5 ಡಿಗ್ರಿಗೂ ಮೇಲೆ ಹೇಳಿದ್ದನ್ನು ನೀವು ಪತ್ರದ ಕೊನೆಯಲ್ಲಿ ಎತ್ತಿದ್ದೀರಿ. ಅದೂ ನಿಜ. ಆರನೇ ವರದಿಯ ಕಾಲದ ಮಾದರಿಗಳು 1.8ರಿಂದ 5.6ರವರೆಗೆ ಹರಡಿದ್ದವು. ಆದರೆ ಸಮಿತಿ ಈ ಬಾರಿ ಮಾದರಿಗಳ ಸರಾಸರಿಯನ್ನು ಹಾಗೆಯೇ ಒಪ್ಪಲಿಲ್ಲ. ಕಳೆದ ದಶಕಗಳ ಬಿಸಿಯನ್ನೇ ಸರಿಯಾಗಿ ತೋರಿಸಲಾರದ ಮಾದರಿಗಳ ಮಾತಿಗೆ ಕಡಿಮೆ ತೂಕ ಕೊಟ್ಟಿತು.

ಪ್ರಶ್ನೆ: 2011ರಿಂದ 2020ರ ದಶಕದ ಹೊತ್ತಿಗೆ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ಆಗ ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯ ಅರ್ಧದಾರಿಯನ್ನು ದಾಟಿತ್ತಷ್ಟೇ. ಲಾಗರಿದಮ್ ಬಳಸಿ ಭಾಗಿಸಿದರೆ ಇಮ್ಮಡಿಗೆ ಸುಮಾರು 2 ಡಿಗ್ರಿ ಬರುತ್ತದೆ. ನೇರ ಅಳತೆಯೇ ಕೈಯಲ್ಲಿರುವಾಗ ಇಷ್ಟೆಲ್ಲ ಸುತ್ತುಬಳಸು ಏಕೆ?
– ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ, ಮಂಗಳೂರು

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ, ಆದರೆ ಅದರಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ.

ಒಂದು, ಸಮುದ್ರ. ಭೂಮಿಯಲ್ಲಿ ಉಳಿಯುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ಕ್ಕೂ ಮಿಕ್ಕಿದ ಪಾಲು ಕಡಲಿನೊಳಗೆ ಇಳಿಯುತ್ತಿದೆ. ದೊಡ್ಡ ಹಂಡೆಯ ಕೆಳಗೆ ಉರಿ ಹೆಚ್ಚಿಸಿದ ತಕ್ಷಣ ನೀರು ಕುದಿಯುವುದಿಲ್ಲವಷ್ಟೇ. 2006ರಿಂದ 2018ರ ಅವಧಿಯಲ್ಲಿ ಭೂಮಿಗೆ ಬರುವ ಮತ್ತು ಭೂಮಿಯಿಂದ ಹೋಗುವ ಶಕ್ತಿಗಳ ನಡುವೆ ಪ್ರತಿ ಚದರ ಮೀಟರಿಗೆ ಸುಮಾರು 0.8 ವ್ಯಾಟಿನ ಅಂತರವಿತ್ತು ಎಂಬುದನ್ನು ಕಡಲಲ್ಲಿ ಮುಳುಗಿ ಏಳುವ ಆರ್ಗೊ ತೇಲುಯಂತ್ರಗಳ ಅಳತೆ ಹೇಳುತ್ತದೆ. ಈಗಾಗಲೇ ಹೇರಿದ ಒತ್ತಡಕ್ಕೆ, ಅಂದರೆ ಅನಿಲಗಳು ಒಳಗೇ ಉಳಿಸುವ ಶಾಖಕ್ಕೆ, ಭೂಮಿ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ ಎಂದೇ ಇದರ ಅರ್ಥ.

ಎರಡು, ಹೊಗೆ. ಮೀಥೇನ್ ಮೊದಲಾದ ಇತರ ಅನಿಲಗಳು ಬಿಸಿಯನ್ನು ಹೆಚ್ಚಿಸಿದರೆ, ಕಲ್ಲಿದ್ದಲು ಮತ್ತು ಎಣ್ಣೆಯ ಗಂಧಕದಿಂದ ಹುಟ್ಟುವ ಸೂಕ್ಷ್ಮ ಕಣಗಳು ಬಿಸಿಲನ್ನು ಚದರಿಸಿ, ಮೋಡಗಳನ್ನು ಹೆಚ್ಚು ಬೆಳ್ಳಗಾಗಿಸಿ, ಆ ಬಿಸಿಯ ಒಂದು ಭಾಗವನ್ನು ಮರೆಮಾಡುತ್ತವೆ. ಈ ಮರೆ ಎಷ್ಟೆಂಬುದೇ ಖಚಿತವಿಲ್ಲ: ಅತ್ಯುತ್ತಮ ಅಂದಾಜು ಪ್ರತಿ ಚದರ ಮೀಟರಿಗೆ 1.1 ವ್ಯಾಟ್, ಆದರೆ 0.4ರಿಂದ 1.7ರವರೆಗೆ ಎಲ್ಲಿಯೂ ಇರಬಹುದು. ನೀವೇ ಲೆಕ್ಕ ಹಾಕಿ ನೋಡಿ. 2019ರ ಹೊತ್ತಿಗೆ ಬಿಸಿ ತರುವ ಒಟ್ಟು ಒತ್ತಡ ಸುಮಾರು 3.8 ವ್ಯಾಟ್. ಅದರಿಂದ ಕಣಗಳ 1.1ನ್ನೂ, ಇನ್ನೂ ಬಾಕಿ ಇರುವ 0.8ನ್ನೂ ಕಳೆದರೆ 1.9 ಉಳಿಯುತ್ತದೆ. ಇದಕ್ಕೆ 1.1 ಡಿಗ್ರಿಯಾದರೆ ಇಮ್ಮಡಿಯ 3.9 ವ್ಯಾಟಿಗೆ ಸುಮಾರು 2.3 ಡಿಗ್ರಿ. ಕಣಗಳ ಮರೆ 0.4 ಮಾತ್ರ ಎಂದಿಟ್ಟುಕೊಂಡರೆ ಉತ್ತರ 1.7ರ ಸಮೀಪಕ್ಕೆ ಇಳಿಯುತ್ತದೆ, 1.7 ಎಂದಿಟ್ಟುಕೊಂಡರೆ 3.3ಕ್ಕೆ ಏರುತ್ತದೆ. ಸ್ಥೂಲ ಲೆಕ್ಕವೇ ಆದರೂ, ಒಂದೇ ಉಷ್ಣಮಾಪಕದ ದಾಖಲೆ ಎಷ್ಟು ಬೇರೆ ಬೇರೆ ಉತ್ತರಗಳಿಗೆ ಎಡೆಕೊಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. 1999ರಲ್ಲಿ ರಾಮನಾಥನ್ ಮತ್ತಿತರರ ನೇತೃತ್ವದಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ದೊಡ್ಡ ಸಮೀಕ್ಷೆ, ನಮ್ಮ ಉಪಖಂಡದ ಒಲೆ, ವಾಹನ, ಕಾರ್ಖಾನೆಗಳ ಹೊಗೆ ಕಂದುಬಣ್ಣದ ಹೊದಿಕೆಯಾಗಿ ಕಡಲ ಮೇಲೆ ಬಹುದೂರ ಹರಡಿರುವುದನ್ನು ಕಂಡಿತು. ಗಾಳಿ ಶುದ್ಧವಾಗುವುದು ನಮ್ಮ ಶ್ವಾಸಕೋಶಗಳಿಗೆ ಬೇಕೇ ಬೇಕು. ಜೊತೆಗೆ, ಈವರೆಗೆ ಮರೆಯಾಗಿದ್ದ ಬಿಸಿ ಆಗ ಹೊರಬೀಳುತ್ತದೆ ಎಂಬುದನ್ನೂ ತಿಳಿದಿರಬೇಕು.

ಇದಲ್ಲದೆ, ಬಿಸಿ ಎಲ್ಲಿ ಮೊದಲು ಏರುತ್ತದೆ ಎಂಬುದೂ ಮುಖ್ಯ. ಕಳೆದ ಕೆಲವು ದಶಕಗಳಲ್ಲಿ ಪೆಸಿಫಿಕ್‌ನ ಪೂರ್ವಭಾಗ ಹೆಚ್ಚು ಬಿಸಿಯಾಗದೆ ಉಳಿದು, ಅಲ್ಲಿನ ತಗ್ಗಿನ ಮೋಡಗಳು ಕರಗದೆ ಬಿಸಿಲನ್ನು ತಡೆಯುತ್ತ ಬಂದಿವೆ. ಆ ಕಡಲೂ ಬಿಸಿಯಾದಾಗ ಸ್ಥಿತಿ ಬೇರೆಯಾಗುತ್ತದೆ. ಹೀಗಾಗಿ ಈವರೆಗಿನ ದಾಖಲೆಯಿಂದ ಮಾಡಿದ ಲೆಕ್ಕ ನಿಜಕ್ಕಿಂತ ಕಡಿಮೆ ಹೇಳುವ ಸಂಭವವೇ ಹೆಚ್ಚು. ನೀವು ಕಂಡುಹಿಡಿದ 2 ಡಿಗ್ರಿ ನಿಜವಾಗಿ ಹತ್ತಿರವಾಗುವುದು ಇನ್ನೊಂದು ಅಳತೆಗೆ: ಅನಿಲ ಮೆಲ್ಲಮೆಲ್ಲನೆ ಏರುತ್ತ ಇಮ್ಮಡಿ ಮುಟ್ಟುವ ಆ ಹೊತ್ತಿಗೆ, ಸಮುದ್ರ ಇನ್ನೂ ಹಿಂದೆ ಉಳಿದಿರುವಾಗ ಆಗಿರುವ ಬಿಸಿಗೆ. ಅದರ ಅತ್ಯುತ್ತಮ ಅಂದಾಜು 1.8 ಡಿಗ್ರಿ.

ಪ್ರಶ್ನೆ: 3 ಡಿಗ್ರಿ ಎಂದರೆ ನಮ್ಮ ಮಲೆನಾಡಿಗೂ 3 ಡಿಗ್ರಿಯೇ?
– ಒಬ್ಬ ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ಅಲ್ಲ. ಅದು ಕಡಲು, ಧ್ರುವ, ಮರುಭೂಮಿ ಎಲ್ಲ ಸೇರಿದ ಸರಾಸರಿ. ನೆಲ ಸಮುದ್ರಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಉತ್ತರ ಧ್ರುವ ಎಲ್ಲಕ್ಕಿಂತ ಹೆಚ್ಚು. ಭಾರತದ ಸರಾಸರಿ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಜಗತ್ತಿನ ಸರಾಸರಿಗಿಂತ ಇದು ಕಡಿಮೆಯಾದುದರಲ್ಲಿ ಮೇಲೆ ಹೇಳಿದ ಹೊಗೆಯ ಮರೆಗೂ ಪಾಲಿದೆ. ಮಳೆಯ ವಿಚಾರದಲ್ಲಿ ಸಂವೇದನೆಯ ಅಂಕಿಯಿಂದ ನಿಮ್ಮ ತೋಟಕ್ಕೆ ನೇರ ಉತ್ತರ ಸಿಗುವುದಿಲ್ಲ. ಆದರೆ ಡಿಗ್ರಿಗೆ ಶೇಕಡಾ 7ರ ನೀರಾವಿಯ ಲೆಕ್ಕ ಘಟ್ಟಕ್ಕೂ ಅನ್ವಯಿಸುತ್ತದೆ. ಬಿದ್ದಾಗ ಜೋರಾಗಿ ಬೀಳುವ ಮಳೆಗೆ ಬೇಕಾದ ಸರಕು ಗಾಳಿಯಲ್ಲಿ ಹೆಚ್ಚುತ್ತಿದೆ.

ಪ್ರಶ್ನೆ: ಸಂವೇದನೆ ಕಡಿಮೆಯ ಕಡೆಗೇ ಇದ್ದರೆ ನಾವು ಸ್ವಲ್ಪ ನಿರಾಳವಾಗಿರಬಹುದಲ್ಲವೇ?
– ಒಬ್ಬ ಓದುಗರು, ಅಬುಧಾಬಿ

ಉತ್ತರ: ಈ ಪ್ರಶ್ನೆಗೆ ಇಮ್ಮಡಿಯ ಲೆಕ್ಕಕ್ಕಿಂತ ಹೊರಸೂಸುವಿಕೆಯ ಲೆಕ್ಕದಿಂದ ಉತ್ತರ ಕೊಡುವುದು ಸುಲಭ. ಪ್ರತಿ ಲಕ್ಷ ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಭೂಮಿ ಸುಮಾರು 0.45 ಡಿಗ್ರಿ ಬಿಸಿಯಾಗುತ್ತದೆ. ಭೂಮಿಯ ಸ್ವಭಾವ ನಮಗೆ ಅನುಕೂಲವಾಗಿದ್ದರೆ 0.27, ಪ್ರತಿಕೂಲವಾಗಿದ್ದರೆ 0.63. ಮನುಷ್ಯರು ಈಗ ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಹೊರಬಿಡುತ್ತಿದ್ದೇವೆ. ನಮ್ಮಿಂದಾದ ಬಿಸಿ ಈಗಾಗಲೇ ಸುಮಾರು 1.3 ಡಿಗ್ರಿಯಾಗಿರುವುದರಿಂದ 2 ಡಿಗ್ರಿಗೆ ಉಳಿದಿರುವುದು 0.7. ಬೇರೆ ಅನಿಲಗಳನ್ನು ಪಕ್ಕಕ್ಕಿಟ್ಟು, ಇದೇ ವೇಗದಲ್ಲಿ ಸಾಗಿದರೆ, ಪ್ರತಿಕೂಲ ಅಂಕಿಯಲ್ಲಿ ಸುಮಾರು 28 ವರ್ಷಕ್ಕೆ, ನಡುವಿನ ಅಂಕಿಯಲ್ಲಿ 39 ವರ್ಷಕ್ಕೆ, ಅನುಕೂಲ ಅಂಕಿಯಲ್ಲಿ 65 ವರ್ಷಕ್ಕೆ ಆ ಗಡಿಯನ್ನು ಮುಟ್ಟುತ್ತೇವೆ. ಕಡಿಮೆ ಸಂವೇದನೆಯಿಂದ ಸಿಗುವುದು ಕಾಲಾವಕಾಶ ಮಾತ್ರ. ಹೊರಸೂಸುವಿಕೆ ನಿಲ್ಲುವವರೆಗೆ ಏರಿಕೆಯೂ ನಿಲ್ಲುವುದಿಲ್ಲ. ಮೊದಲ ಪತ್ರ ಬರೆದ ಶಿಕ್ಷಕಿಯ ತರಗತಿಯ ಮಕ್ಕಳಿಗೆ ಈಗ ಹದಿನಾಲ್ಕು ವರ್ಷವಿರಬಹುದು. ಮೂರು ಲೆಕ್ಕಗಳ ಪ್ರಕಾರ ಆ ದಿನ ಬರುವಾಗ ಅವರಿಗೆ 42, 53 ಅಥವಾ 79 ವರ್ಷ ವಯಸ್ಸಾಗಿರುತ್ತದೆ.